ಹಾಡೋ, ಕರಪತ್ರವೋ?

ಹೇಜಲ್ ಡಿಕನ್ಸ್ ಎಂಬ ಹೆಸರು ಹೇಳಿದರೆ ನಮ್ಮಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ‘ಯಾರದು?’ ಎನ್ನುತ್ತಾರೆ. ತಪ್ಪೇನೂ ಇಲ್ಲ. ಅಮೆರಿಕದಲ್ಲೇ ಕಂಟ್ರಿ ಸಂಗೀತ ಕೇಳುವ ಬಹಳ ಮಂದಿ ಹಾಗೇ ಕೇಳಿಯಾರು. ನನ್ನ ಸಿಟ್ಟು ಅವರ ಮೇಲಲ್ಲ. ಹೆಸರು ಗೊತ್ತಿದ್ದು, ಹಾಡನ್ನೂ ಕೇಳಿದ್ದು, ‘ಒಳ್ಳೆಯ ಹೆಣ್ಣುಮಗಳು, ಗಣಿ ಕಾರ್ಮಿಕರ ಪರ ನಿಂತವಳು, ಆದರೆ ಕಲೆಯ ದೃಷ್ಟಿಯಿಂದ ನೋಡಿದರೆ...’ ಎಂದು ಮಾತನ್ನು ಅರ್ಧಕ್ಕೆ ಬಿಟ್ಟು ಕಾಫಿ ಲೋಟ ಎತ್ತಿಕೊಳ್ಳುತ್ತಾರಲ್ಲ, ಅವರ ಮೇಲೆ.

ಅಂಥ ಮಿತ್ರರೊಬ್ಬರು ನನಗಿದ್ದಾರೆ. ಓದಿಕೊಂಡವರು, ರಸಿಕರು. ಆಕೆಯ ‘ಬ್ಲ್ಯಾಕ್ ಲಂಗ್’ ಹಾಡನ್ನು ಅವರಿಗೆ ಕೇಳಿಸಿದಾಗ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ, ‘ಚೆನ್ನಾಗಿದೆ, ಆದರೆ ಇದು ಹಾಡಲ್ಲ ಕಣ್ರೀ, ಕರಪತ್ರ’ ಎಂದರು. ಆ ಮಾತು ನನಗೆ ಹೊಸದಲ್ಲ. ಎಂಬತ್ತರ ದಶಕದಲ್ಲಿ ಬಂಡಾಯದ ಕವಿತೆಗಳ ಮೇಲೆ ‘ಘೋಷಣೆ’ ಎಂಬ ಮೊಹರು ಒತ್ತುತ್ತಿದ್ದ ಕಾಲದಿಂದಲೂ ಇದನ್ನು ಕೇಳುತ್ತ ಬಂದಿದ್ದೇನೆ. ಆ ಕವಿತೆಗಳಲ್ಲಿ ಕೆಲವು ನಿಜಕ್ಕೂ ಘೋಷಣೆಗಳೇ ಆಗಿದ್ದವು, ಅದನ್ನು ಒಪ್ಪೋಣ. ಆದರೆ ಮೊಹರು ಒತ್ತುವವರ ಕೈ ಒಮ್ಮೆ ಅಭ್ಯಾಸಕ್ಕೆ ಬಿದ್ದರೆ ಯಾವ ಕಾಗದದ ಮೇಲೆ ಒತ್ತುತ್ತಿದ್ದೇವೆ ಎಂದು ನೋಡುವುದಿಲ್ಲ. ಹೇಜಲ್ ಡಿಕನ್ಸ್‌ಗೆ ಆಗಿರುವ ಅನ್ಯಾಯ ಇದೇ. ಆಕೆಯನ್ನು ಮರೆತರು ಎನ್ನುವುದಕ್ಕಿಂತ ಹೊಗಳಿ ಬದಿಗೆ ಸರಿಸಿದರು ಎನ್ನುವುದು ಸರಿ.

ಆಕೆ ಹುಟ್ಟಿದ್ದು 1925ರ ಜೂನ್ 1ರಂದು, ವೆಸ್ಟ್ ವರ್ಜೀನಿಯ ರಾಜ್ಯದ ಮರ್ಸರ್ ಕೌಂಟಿಯಲ್ಲಿ. ಎಷ್ಟೋ ಕಡೆ 1935 ಎಂದು ಅಚ್ಚಾಗಿದೆ. 2011ರ ಏಪ್ರಿಲ್ 22ರಂದು ವಾಷಿಂಗ್ಟನ್ನಿನಲ್ಲಿ ತೀರಿಕೊಂಡಾಗ ಪತ್ರಿಕೆಗಳು ಹತ್ತು ವರ್ಷ ಕಡಿಮೆ ವಯಸ್ಸು ಬರೆದವು. ಹನ್ನೊಂದು ಮಕ್ಕಳಲ್ಲಿ ಆಕೆ ಎಂಟನೆಯವಳು. ತಂದೆ ಗಣಿಗಳಿಗೆ ಮರದ ದಿಮ್ಮಿ ಸಾಗಿಸುತ್ತಿದ್ದ, ಬ್ಯಾಂಜೊ ನುಡಿಸುತ್ತಿದ್ದ, ಭಾನುವಾರ ಚರ್ಚಿನಲ್ಲಿ ಬೋಧಿಸುತ್ತಿದ್ದ. ಅದು ಪ್ರಿಮಿಟಿವ್ ಬ್ಯಾಪ್ಟಿಸ್ಟ್ ಪಂಥದ ಚರ್ಚು. ಅಲ್ಲಿ ವಾದ್ಯಗಳಿಗೆ ಜಾಗವಿಲ್ಲ. ಬರಿಯ ಗಂಟಲಿನಿಂದ, ತಂಬೂರಿಯ ಆಸರೆಯೂ ಇಲ್ಲದೆ ಹಾಡಬೇಕು. ಆಕೆಯ ದನಿ ಮೂಗಿನಿಂದ ಬರುವಂಥದು, ಚೂಪು, ಮೇಲಿನ ಸ್ಥಾಯಿಯಲ್ಲಿ ಒಡೆದುಹೋಗುತ್ತದೇನೋ ಅನ್ನಿಸುತ್ತದೆ, ಆದರೆ ಒಡೆಯುವುದಿಲ್ಲ. ಆ ದನಿ ತಯಾರಾದದ್ದು ಅಲ್ಲಿ. ‘ಪ್ರೆಟಿ ಬರ್ಡ್’ ಎಂಬ ಹಾಡನ್ನು ಆಕೆ ಒಂದು ವಾದ್ಯವೂ ಇಲ್ಲದೆ ಹಾಡಿದ್ದಾಳೆ. ಅದರಲ್ಲಿ ಗಣಿಯ ಮಾತೇ ಇಲ್ಲ. ಆಕೆಗೆ ಘೋಷಣೆಯಲ್ಲದೆ ಇನ್ನೇನು ಬರುತ್ತಿತ್ತು ಎನ್ನುವವರು ಮೊದಲು ಅದನ್ನು ಕೇಳಲಿ.

ಅಣ್ಣತಮ್ಮಂದಿರು ಗಣಿಗಿಳಿದರು. ಆಕೆ ಕೆಲಸ ಹುಡುಕಿಕೊಂಡು ಬಾಲ್ಟಿಮೋರ್ ನಗರಕ್ಕೆ ಹೋದಳು. ಕಾರ್ಖಾನೆಗಳಲ್ಲಿ ದುಡಿದಳು, ಹೋಟೆಲಿನಲ್ಲಿ ತಟ್ಟೆ ಹೊತ್ತಳು. ಐವತ್ತರ ದಶಕದಲ್ಲಿ ಅಲ್ಲಿನ ಕ್ಷಯದ ಆಸ್ಪತ್ರೆಯಲ್ಲಿದ್ದ ಆಕೆಯ ಸೋದರನಿಗೆ ಮೈಕ್ ಸೀಗರ್ ಎಂಬ ಯುವಕನ ಪರಿಚಯವಾಯಿತು. ಯುದ್ಧಸೇವೆ ನಿರಾಕರಿಸಿದ್ದಕ್ಕೆ ಬದಲಾಗಿ ಆತ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ. ಜಾನಪದ ಹಾಡುಗಾರ ಪೀಟ್ ಸೀಗರ್‌ನ ಮಲತಮ್ಮ ಆತ. ಹೀಗೆ ಬೆಟ್ಟದ ಮನೆಯ ಹಾಡು ನಗರದವರ ಕಿವಿಗೆ ಬಿತ್ತು. ಮುಂದೆ ಆಲಿಸ್ ಜೆರಾರ್ಡ್ ಎಂಬ, ಕಾಲೇಜು ಓದಿದ ಪಶ್ಚಿಮ ತೀರದ ಹೆಣ್ಣುಮಗಳ ಜೊತೆ ಸೇರಿ 1965ರಲ್ಲಿ ಮೊದಲ ಧ್ವನಿಮುದ್ರಿಕೆ ತಂದಳು. ಬ್ಲೂಗ್ರಾಸ್ ಎಂಬುದು ಆಗ ಗಂಡಸರ ಅಖಾಡ. ಇಬ್ಬರು ಹೆಂಗಸರು ಮುಂದೆ ನಿಂತು ತಂಡ ನಡೆಸುವುದೆಂದರೆ ನಮ್ಮ ಯಕ್ಷಗಾನದ ಮೇಳಕ್ಕೆ ಅಂದು ಹೆಣ್ಣೊಬ್ಬಳು ಭಾಗವತಿಕೆಗೆ ಕೂತಂತೆ.

ಈಗ ‘ಬ್ಲ್ಯಾಕ್ ಲಂಗ್’ ವಿಷಯಕ್ಕೆ ಬರುತ್ತೇನೆ. ಕಲ್ಲಿದ್ದಲ ದೂಳು ವರ್ಷಗಟ್ಟಲೆ ಒಳಗೆ ಹೋಗಿ ಶ್ವಾಸಕೋಶ ಕಪ್ಪಾಗಿ ಗಟ್ಟಿಯಾಗುವ ಕಾಯಿಲೆ ಅದು. ಮದ್ದಿಲ್ಲ. ಆಕೆಯ ಅಣ್ಣ ಅದರಿಂದಲೇ ಸತ್ತ. ಹಾಡಿನಲ್ಲಿ ಆಕೆ ‘ಅನ್ಯಾಯ’ ‘ಶೋಷಣೆ’ ಎಂಬ ದೊಡ್ಡ ಪದಗಳನ್ನು ನೆಚ್ಚಿಕೊಳ್ಳುವುದಿಲ್ಲ. ಕಾಯಿಲೆಯನ್ನೇ ಎದುರಿಗೆ ಕೂರಿಸಿಕೊಂಡು ಮಾತಾಡಿಸುತ್ತಾಳೆ. ಕಾಯಿಲೆ ಬಿದ್ದವನು ಮೇಲಿನವನ ಬಾಗಿಲಿಗೆ ಹೋಗುತ್ತಾನೆ, ಬಾಗಿಲು ಮುಚ್ಚುತ್ತದೆ. ಔಷಧಿಯ ಖರ್ಚು ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಕೊನೆಗೆ ಅದೇ ಮೇಲಿನವನು ಒಂದಿಷ್ಟು ಹೂವು ಹಿಡಿದುಕೊಂಡು ಸ್ಮಶಾನಕ್ಕೆ ಬರುತ್ತಾನೆ. ಆ ಹೂವನ್ನು ಕಂಡು ಹಾಡುತ್ತಿರುವವಳಿಗೆ ನಾಚಿಕೆಯಾಗುತ್ತದೆ. ಇದರಲ್ಲಿ ಕರಪತ್ರ ಎಲ್ಲಿದೆ ಎಂದು ನನ್ನ ಮಿತ್ರರನ್ನು ಕೇಳಿದೆ. ಕರಪತ್ರ ಬರೆಯುವವನು ಆ ಹೂವನ್ನು ಬರೆಯುತ್ತಿರಲಿಲ್ಲ, ಬೇಡಿಕೆಗಳ ಪಟ್ಟಿ ಬರೆಯುತ್ತಿದ್ದ. ಹೂವು ಕಾಣಬೇಕಾದರೆ ಮಣ್ಣು ಹಾಕುವಾಗ ಪಕ್ಕದಲ್ಲಿ ನಿಂತಿರಬೇಕು; ನಿಂತೂ, ಅಳುವಿನ ನಡುವೆ, ಯಾರ ಕೈಯಲ್ಲಿ ಏನಿದೆ ಎಂದು ನೋಡುವ ಕಣ್ಣಿರಬೇಕು.

ಇನ್ನೊಂದು ಹಾಡು ಮ್ಯಾನಿಂಗ್ಟನ್ ಗಣಿಯ ದುರಂತದ್ದು. 1968ರ ನವೆಂಬರ್ 20ರ ಬೆಳಗಿನ ಜಾವ ವೆಸ್ಟ್ ವರ್ಜೀನಿಯದ ಫಾರ್ಮಿಂಗ್ಟನ್ ಬಳಿ ಗಣಿ ಸ್ಫೋಟಿಸಿತು. ಒಳಗಿದ್ದವರು 99 ಮಂದಿ. 21 ಜನ ಹೊರಬಂದರು, 78 ಜನ ಸತ್ತರು. ಬೆಂಕಿ ಆರಿಸಲು ಹತ್ತು ದಿನಗಳ ನಂತರ ಗಣಿಯ ಬಾಯಿಯನ್ನೇ ಮುಚ್ಚಿದರು. 19 ಹೆಣಗಳು ಕೊನೆಗೂ ಸಿಗಲಿಲ್ಲ. ಆಗ ಗಣಿ ಕಾರ್ಮಿಕರ ಸಂಘದ ಅಧ್ಯಕ್ಷನಾಗಿದ್ದ ಟೋನಿ ಬಾಯ್ಲ್ ಸ್ಥಳಕ್ಕೆ ಬಂದು ಕಂಪನಿಯ ಸುರಕ್ಷತೆಯ ಬಗ್ಗೆ ಒಳ್ಳೆಯ ಮಾತಾಡಿದ! ಸಂಘದ ಅಧ್ಯಕ್ಷ, ಕಂಪನಿಯ ಪರವಾಗಿ, ಹೊಗೆ ಇನ್ನೂ ಏಳುತ್ತಿರುವಾಗ. ಮರುವರ್ಷ ಫೆಬ್ರವರಿಯಲ್ಲಿ ವೆಸ್ಟ್ ವರ್ಜೀನಿಯದ ಸುಮಾರು 40,000 ಗಣಿ ಕಾರ್ಮಿಕರು ಸಂಘದ ನಾಯಕತ್ವವನ್ನು ಕೇಳದೆಯೇ ಕೆಲಸ ನಿಲ್ಲಿಸಿದರು. ಕಪ್ಪು ಶ್ವಾಸಕೋಶಕ್ಕೆ ಪರಿಹಾರ ಕೊಡುವ ಕಾನೂನು ರಾಜ್ಯದಲ್ಲಿ ಬಂತು. ವರ್ಷದ ಕೊನೆಗೆ ಕೇಂದ್ರದ ಗಣಿ ಸುರಕ್ಷತಾ ಕಾಯಿದೆಯೂ ಬಂತು.

ಅದೇ 1969ರ ಡಿಸೆಂಬರ್ 31ರ ರಾತ್ರಿ ಬಾಯ್ಲ್ ವಿರುದ್ಧ ಚುನಾವಣೆಗೆ ನಿಂತಿದ್ದ ಜೋಸೆಫ್ ಯಬ್ಲಾನ್ಸ್ಕಿಯನ್ನು, ಆತನ ಹೆಂಡತಿ ಮಗಳ ಸಮೇತ, ಮನೆಗೆ ನುಗ್ಗಿ ಗುಂಡಿಟ್ಟು ಕೊಂದರು. ಕೊಲ್ಲಿಸಿದವನು ಬಾಯ್ಲ್ ಎಂದು 1974ರಲ್ಲಿ ನ್ಯಾಯಾಲಯ ಹೇಳಿತು. ಹೇಜಲ್ ಡಿಕನ್ಸ್ ಆ ಕೊಲೆಯ ಮೇಲೂ ಹಾಡು ಕಟ್ಟಿದಳು. ಕರಪತ್ರ ಎನ್ನುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಕರಪತ್ರಕ್ಕೆ ಒಂದು ಕಚೇರಿ ಇರುತ್ತದೆ, ಅಚ್ಚು ಹಾಕಿಸುವ ಒಬ್ಬ ಧಣಿ ಇರುತ್ತಾನೆ. ಸಂಘದ ಒಳಗಿನ ಕೊಳೆತವನ್ನು ಸಂಘದವರ ಎದುರೇ ಹಾಡಿದ ಈಕೆಯ ಧಣಿ ಯಾರು?

ಬಾರ್ಬರಾ ಕಾಪ್ಲ್ ತೆಗೆದ ‘ಹಾರ್ಲನ್ ಕೌಂಟಿ, ಯು.ಎಸ್.ಎ.’ 1976ರ ಸಾಕ್ಷ್ಯಚಿತ್ರ. ಕೆಂಟಕಿಯ ಬ್ರುಕ್‌ಸೈಡ್ ಗಣಿಯಲ್ಲಿ ಒಂದು ವರ್ಷಕ್ಕೂ ಮೀರಿ ನಡೆದ ಮುಷ್ಕರದ ಕತೆ. ಆಸ್ಕರ್ ಬಂತು. ಅದರ ಬೆನ್ನೆಲುಬು ಹೇಜಲ್ ಹಾಡುಗಳು. 1987ರ ‘ಮೇಟ್‌ವಾನ್’ ಚಿತ್ರದಲ್ಲೂ ಆಕೆ ಹಾಡಿದ್ದಾಳೆ. ಇಷ್ಟಾದರೂ ಆಕೆಯ ತಟ್ಟೆಗಳು ಹೊರಬಂದದ್ದು ಫೋಕ್‌ವೇಸ್, ರೌಂಡರ್ ಎಂಬ ಸಣ್ಣ ಕಂಪನಿಗಳಿಂದ. ಹೊಟ್ಟೆಪಾಡಿಗೆ ವಾಷಿಂಗ್ಟನ್ನಿನ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಕಂಟ್ರಿ ಸಂಗೀತದ ರಾಜಧಾನಿ ನ್ಯಾಶ್‌ವಿಲ್ ಆಕೆಯನ್ನು ಕರೆಯಲಿಲ್ಲ.

ಕಲ್ಲಿದ್ದಲೆಂದರೆ ನ್ಯಾಶ್‌ವಿಲ್‌ಗೆ ಅಲರ್ಜಿ ಎಂದುಕೊಳ್ಳಬೇಡಿ. ಲೊರೆಟಾ ಲಿನ್ ‘ಕೋಲ್ ಮೈನರ್ಸ್ ಡಾಟರ್’ ಎಂದು ತನ್ನ ಬಾಲ್ಯವನ್ನು ತಾನೇ ಬರೆದು ಹಾಡಿದ್ದು 1970ರಲ್ಲಿ. ಅದು ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೇರಿತು, 1980ರಲ್ಲಿ ಅದೇ ಹೆಸರಿನ ಸಿನಿಮಾ ಬಂತು. ಲೊರೆಟಾ ದೊಡ್ಡ ಗಾಯಕಿ, ಅದು ಪ್ರಾಮಾಣಿಕ ಹಾಡು, ಆಕೆಯ ಮೇಲೆ ನನ್ನದೇನೂ ತಕರಾರಿಲ್ಲ. ತಕರಾರು ಅಂಗಡಿಯವರ ಮೇಲೆ. ಬಡತನವನ್ನು ದಾಟಿ ಬಂದವರು ಅದನ್ನು ನೆನೆದು ಹಾಡಿದರೆ ಅದು ಮಾರಾಟವಾಗುತ್ತದೆ. ಗುಡಿಸಲು, ಸೀಮೆಎಣ್ಣೆ ದೀಪ, ಅವ್ವನ ಒಡೆದ ಕೈ, ಎಲ್ಲ ಚಿತ್ರಪಟದಂತೆ ಗೋಡೆಗೆ ನೇತುಹಾಕಬಹುದು. ಹೇಜಲ್ ಹಾಡಿನಲ್ಲಿ ಬಡತನ ಈಗಲೇ ನಡೆಯುತ್ತಿದೆ, ಅದಕ್ಕೊಂದು ಕಾರಣವಿದೆ, ಕಾರಣಕ್ಕೊಂದು ವಿಳಾಸವಿದೆ. ವಿಳಾಸ ಬರೆದ ಹಾಡನ್ನು ಯಾವ ರೇಡಿಯೋ ಸ್ಟೇಷನ್ನು ಹಾಕೀತು? ಹಾಕದೆ ಇದ್ದದ್ದಕ್ಕೆ ‘ಕಲಾತ್ಮಕತೆ ಸಾಲದು’ ಎಂಬ ಕಾರಣವನ್ನು ನಮ್ಮಂಥ ರಸಿಕರು ಒದಗಿಸಿಕೊಟ್ಟೆವು.

ಇನ್ನು ಆಕೆಯನ್ನು ‘ಗಣಿ ಕಾರ್ಮಿಕರ ದನಿ’ ಎಂದು ಬಾಯ್ತುಂಬ ಕರೆಯುವವರಿದ್ದಾರೆ. ಇವರು ಇನ್ನೂ ಅಪಾಯ. ದನಿ ಎಂದರೆ ಸಾಕು, ಬರೆದವಳು ಮಾಯವಾಗುತ್ತಾಳೆ. ಮಣ್ಣಿನಿಂದ ತಾನೇ ಎದ್ದು ಬಂದ ಹಾಡು ಎಂಬಂತೆ. ನಮ್ಮ ಜಾನಪದ ಗಾಯಕಿಯರಿಗೂ ನಾವು ಮಾಡುವುದು ಇದನ್ನೇ: ಶಾಲು ಹೊದೆಸುತ್ತೇವೆ, ಆಕೆ ಕಟ್ಟಿದ ಸಾಲಿನ ಕೆಳಗೆ ಆಕೆಯ ಹೆಸರು ಬರೆಯುವುದಿಲ್ಲ. ಹೇಜಲ್ ಬರೆದದ್ದರಲ್ಲಿ ಗಣಿಯ ಹಾಡುಗಳು ಒಂದು ಭಾಗ ಮಾತ್ರ. ಮದ್ಯದಂಗಡಿಯಲ್ಲಿ ಕೂತ ಹೆಣ್ಣನ್ನು ತೂಗಿ ನೋಡುವ ಗಂಡಸಿಗೆ, ಆಕೆ ಅಲ್ಲಿಗೆ ಬಂದದ್ದರಲ್ಲಿ ನಿನ್ನ ಪಾಲೂ ಇದೆ ಎಂದು ತಿರುಗಿಸಿ ಹೇಳುವ ಹಾಡು 1973ರ ‘ಹೇಜಲ್ ಅಂಡ್ ಆಲಿಸ್’ ತಟ್ಟೆಯಲ್ಲಿದೆ. ನಯೋಮಿ ಮತ್ತು ವೈನೋನಾ ಜಡ್ ಎಂಬ ತಾಯಿಮಗಳ ಪ್ರಸಿದ್ಧ ಜೋಡಿಗೆ ಜೊತೆಯಾಗಿ ಹಾಡುವ ಹುಚ್ಚು ಹತ್ತಿಸಿದ್ದು ಇದೇ ತಟ್ಟೆ. ‘ಎ ಫ್ಯೂ ಓಲ್ಡ್ ಮೆಮೊರೀಸ್’ ಅಪ್ಪಟ ಪ್ರೇಮವಿರಹದ ಹಾಡು, ಡಾಲಿ ಪಾರ್ಟನ್ 1999ರಲ್ಲಿ ಹಾಡಿದಳು. ತಾಯಿಯ ಕೈ ಬಿಟ್ಟು ಊರು ತೊರೆದ ನೆನಪಿನ ‘ಮಾಮಾಸ್ ಹ್ಯಾಂಡ್’ ಹಾಡನ್ನು ಲಿನ್ ಮಾರಿಸ್ ಹಾಡಿದಾಗ ಅದು 1996ರಲ್ಲಿ ಬ್ಲೂಗ್ರಾಸ್ ಲೋಕದ ವರ್ಷದ ಹಾಡಾಯಿತು. ಬೇರೆಯವರ ಬಾಯಲ್ಲಿ ಅದೇ ಪದಗಳು ಕಲೆಯಾಗುತ್ತವೆ, ಬರೆದವಳ ಬಾಯಲ್ಲಿ ಮಾತ್ರ ಕರಪತ್ರವೇ? ಕೊನೆಗಾಲದಲ್ಲಿ ಗೌರವಗಳೂ ಬಂದವು. 2001ರಲ್ಲಿ ಸರ್ಕಾರದ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಬಂತು. ಬ್ಲೂಗ್ರಾಸ್‌ನ ಹಾಲ್ ಆಫ್ ಫೇಮ್‌ಗೆ ಆಲಿಸ್ ಜೊತೆ ಸೇರಿಸಿದ್ದು 2017ರಲ್ಲಿ, ಹೇಜಲ್ ಸತ್ತು ಆರು ವರ್ಷವಾದ ಮೇಲೆ.

ಎಲ್ಲಿಯದೋ ಬೆಟ್ಟದ ಹಾಡಿಗೆ ನಾನೇಕೆ ಇಷ್ಟು ಹಚ್ಚಿಕೊಂಡಿದ್ದೇನೆ ಎಂದು ಮಿತ್ರರು ಕೇಳಿದ್ದುಂಟು. ನಾನು ಕೋಲಾರದ ಕಡೆಯವನು. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಚಿನ್ನದ ಗಣಿಯಿಂದ ನಿವೃತ್ತನಾದ ತಾತನೊಬ್ಬನಿದ್ದ. ರಾತ್ರಿಯೆಲ್ಲ ಕೆಮ್ಮು. ಕ್ಷಯವೆಂದು ವೈದ್ಯರೊಬ್ಬರು ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದರು, ಕೆಮ್ಮು ನಿಲ್ಲಲಿಲ್ಲ. ಕೆ.ಜಿ.ಎಫ್.ನ ಚಿನ್ನ ಇದ್ದದ್ದು ಬೆಣಚುಕಲ್ಲಿನಲ್ಲಿ. ಮೂರು ಕಿಲೋಮೀಟರ್‌ಗೂ ಆಳದಲ್ಲಿ ಆ ಕಲ್ಲನ್ನು ಕೊರೆದಾಗ ಏಳುವ ದೂಳು ಸಿಲಿಕಾ. ಅದು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್. ಎಕ್ಸ್‌ರೇಯಲ್ಲಿ ಕ್ಷಯದಂತೆಯೇ ಕಾಣಬಹುದು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. 2018ರಲ್ಲಿ ಆ ಊರಿನ ಹೆಸರಿನ ಸಿನಿಮಾ ಬಂದು ಜಗತ್ತೆಲ್ಲ ಸುತ್ತಿತು. ಈಗ ಕೆ.ಜಿ.ಎಫ್. ಎಂದರೆ ಹುಡುಗರಿಗೆ ನೆನಪಾಗುವುದು ನಾಯಕನ ಗಡ್ಡ. ತಾತನ ಕೆಮ್ಮಿನ ಮೇಲೆ ಕನ್ನಡದಲ್ಲಿ ಒಂದು ಹಾಡನ್ನು ನಾನು ಕೇಳಿಲ್ಲ. ‘ಬ್ಲ್ಯಾಕ್ ಲಂಗ್’ ಕೇಳಿದಾಗ ನನಗೆ ಇಂಗ್ಲಿಷಿನ ಪದಗಳಿಗಿಂತ ಮೊದಲು ಆ ಮನೆಯ ಕಿಟಕಿ ನೆನಪಾಯಿತು.

ಅಪಲೇಷಿಯದಲ್ಲೂ ಈಗ ದಪ್ಪನೆಯ ಕಲ್ಲಿದ್ದಲ ಪದರಗಳು ಮುಗಿಯುತ್ತ ಬಂದಿವೆ. ತೆಳು ಪದರಗಳಿಗಾಗಿ ಸುತ್ತಲಿನ ಬಂಡೆಯನ್ನೇ ಕೊರೆಯುತ್ತಾರೆ, ಬಂಡೆಯ ಸಿಲಿಕಾ ಒಳಗೆ ಹೋಗುತ್ತದೆ. ಕೋಲಾರದ್ದೇ ದೂಳು. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ದುಡಿದ ಅಲ್ಲಿನ ಗಣಿ ಕಾರ್ಮಿಕರಲ್ಲಿ ಐವರಿಗೊಬ್ಬರಲ್ಲಿ ಕಪ್ಪು ಶ್ವಾಸಕೋಶದ ಗುರುತು ಕಂಡಿದೆ ಎಂದು 2018ರಲ್ಲಿ ಅಮೆರಿಕದ ಸರ್ಕಾರಿ ಸಂಶೋಧಕರೇ ವರದಿ ಮಾಡಿದರು. ಆಕೆ ಹಾಡು ಬರೆದ ಕಾಲದಲ್ಲಿ ತಂದ ಕಾನೂನಿನಿಂದ ಇಳಿದಿದ್ದ ಕಾಯಿಲೆ ಮತ್ತೆ ಏರಿದೆ. ಸಿಲಿಕಾ ದೂಳಿನ ಮಿತಿಯನ್ನು ಅರ್ಧಕ್ಕಿಳಿಸುವ ನಿಯಮವನ್ನು 2024ರ ಏಪ್ರಿಲ್‌ನಲ್ಲಿ ಹೊರಡಿಸಿದರು. 2025ರಲ್ಲಿ ಕಲ್ಲಿದ್ದಲ ಗಣಿಗಳಿಗೆ ಅದರ ಜಾರಿಯನ್ನು ಮುಂದೂಡಿದರು. ಈ ಸುದ್ದಿಯನ್ನು ನನ್ನ ಮಿತ್ರರಿಗೆ ಓದಿ ಹೇಳಿ, ಹಾಡನ್ನು ಇನ್ನೊಮ್ಮೆ ಹಾಕಿದೆ. ಸ್ಮಶಾನದ ಹೂವು ಬರುವ ಕಡೆ ಅವರು ಲೋಟ ಕೆಳಗಿಟ್ಟರು. ‘ಆದರೂ...’ ಎಂದು ಶುರು ಮಾಡಿದ್ದಾರೆ. ಚರ್ಚೆ ಮುಂದುವರಿದಿದೆ.