ಮೊದಲು ಕಾಲು, ಆಮೇಲೆ ಲೆಕ್ಕ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಕಟ್ಟಿದ ಹಿರಿಯರು ಸೈಕಲ್ಲಿನ ಮೇಲೆ ಬೆಟ್ಟ ಹತ್ತಿದವರಲ್ಲ. ಆದರೆ ಹತ್ತಿದವರಿಗೆಲ್ಲ ಆ ಗಾದೆಯ ಅರ್ಥ ಅಂಗಾಲಿನಿಂದಲೇ ತಿಳಿಯುತ್ತದೆ. ನಮ್ಮ ಪುಣೆಯ ಸುತ್ತ ಟೇಕಡಿಗಳಿಗೆ ಕೊರತೆಯಿಲ್ಲ. ಸಂಘದ ಮನೆಗಳ ಹುಡುಗ ಹುಡುಗಿಯರಲ್ಲಿ ಬೆಟ್ಟದ ಸೈಕಲ್ಲಿನ ಹವ್ಯಾಸಕ್ಕೂ ಕೊರತೆಯಿಲ್ಲ. ಸದಸ್ಯರೊಬ್ಬರು ಕೇಳಿದ್ದಾರೆ: “ಸೈಕಲ್ಲು ಕೊಡಿಸಿದ್ದಾಯಿತು. ಈಗ ಮಗನಿಗೆ ಬೇರೆ ಪೆಡಲು ಬೇಕಂತೆ, ಅದಕ್ಕೊಪ್ಪುವ ಬೂಟು ಬೇಕಂತೆ, ಮೇಲೆ ಪವರ್ ಮೀಟರೂ ಬೇಕಂತೆ. ಇದರಲ್ಲಿ ಅಗತ್ಯವೆಷ್ಟು, ಷೋಕಿಯೆಷ್ಟು?” ಪ್ರಶ್ನೆ ಒಬ್ಬರದಾದರೂ ಸಂಬಳದ ದಿನ ಎಣಿಸುವ ಎಲ್ಲ ಮನೆಗಳದೂ ಹೌದಾದ್ದರಿಂದ, ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಪೆಡಲುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಚಪ್ಪಟೆ ಪೆಡಲು. ಅಂಗೈಯಗಲದ ಹಲಗೆ, ಅದರ ಮೇಲೆ ಸಣ್ಣ ಲೋಹದ ಮೊಳೆಗಳು. ಬೂಟಿನ ಮೆತ್ತನೆಯ ರಬ್ಬರನ್ನು ಆ ಮೊಳೆಗಳು ಕಚ್ಚಿ ಹಿಡಿಯುತ್ತವೆ. ಕಾಲು ಬೇಕೆಂದಾಗ ನೆಲಕ್ಕೆ ಬರುತ್ತದೆ. ಇನ್ನೊಂದು, ಬೂಟನ್ನು ಪೆಡಲಿಗೆ ಕೊಂಡಿ ಹಾಕುವ ಜಾತಿ. ಇದರ ಹೆಸರೇ ಒಂದು ತಮಾಷೆ. ಕಾಲನ್ನು ಕಚ್ಚಿಕೊಳ್ಳುವ ಈ ಪೆಡಲಿಗೆ ‘ಕ್ಲಿಪ್‌ಲೆಸ್’ ಎನ್ನುತ್ತಾರೆ! ಹಿಂದೆ ಪಂದ್ಯದ ಸೈಕಲ್ಲುಗಳಲ್ಲಿ ಕಾಲ್ಬೆರಳಿನ ಮುಂದೆ ಪಂಜರದಂಥ ಕ್ಲಿಪ್ಪೂ ಚರ್ಮದ ಪಟ್ಟಿಯೂ ಇರುತ್ತಿದ್ದವು. ಅವು ಹೋದದ್ದರಿಂದ ಈ ಹೆಸರು. ಹಿಮದ ಮೇಲೆ ಜಾರುವ ಸ್ಕೀ ಆಟದ ಕೊಂಡಿಗಳನ್ನು ಮಾಡುತ್ತಿದ್ದ ಫ್ರಾನ್ಸಿನ ‘ಲುಕ್’ ಸಂಸ್ಥೆ 1984ರಲ್ಲಿ ಇಂಥ ಪೆಡಲನ್ನು ಹೊರತಂದಿತು. ಮರುವರ್ಷವೇ ಬರ್ನಾರ್ ಇನೋ ಅದನ್ನು ತುಳಿದು ಟೂರ್ ದ ಫ್ರಾನ್ಸ್ ಗೆದ್ದರು. ಆದರೆ ಅದು ನುಣುಪು ರಸ್ತೆಯ ಪೆಡಲು. ಬೆಟ್ಟದ ಸವಾರ ಆಗಾಗ ಇಳಿದು ಸೈಕಲ್ಲು ಹೊತ್ತು ನಡೆಯಬೇಕಲ್ಲ? ಜಪಾನಿನ ಶಿಮಾನೊ ಸಂಸ್ಥೆ 1990ರಲ್ಲಿ ತಂದ ಎಸ್‌ಪಿಡಿ ಪೆಡಲು ಆ ತೊಡಕನ್ನು ಬಿಡಿಸಿತು. ಎರಡು ತಿರುಪುಗಳಲ್ಲಿ ಕೂರುವ ಪುಟ್ಟ ಕ್ಲೀಟು ಬೂಟಿನ ಅಟ್ಟೆಯ ಗುಳಿಯಲ್ಲಿ ಅಡಗಿರುತ್ತದೆ. ನಡೆಯುವಾಗ ಅಷ್ಟಾಗಿ ಬಾಧಿಸುವುದಿಲ್ಲ.

ಹೊಸಬರಿಗೆ ಯಾವುದು ಹಿತ? ಚಪ್ಪಟೆ ಪೆಡಲೇ ಹಿತವೆಂದು ನಮ್ಮ ಅಭಿಮತ. ಕೊಂಡಿಯ ಪೆಡಲಿನಿಂದ ಕಾಲು ಬಿಡಿಸಲು ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕು. ಇದು ಅಭ್ಯಾಸವಾಗುವ ತನಕ ಸವಾರನು ವೇಗದಲ್ಲಿ ಬೀಳುವುದಿಲ್ಲ, ನಿಂತಲ್ಲಿಯೇ ಕಡಿದ ಮರದಂತೆ ಪಕ್ಕಕ್ಕೆ ಉರುಳುತ್ತಾನೆ. ಮೈದಾನದಲ್ಲಾದರೆ ಅದು ನಗೆಯ ಪ್ರಸಂಗ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಇಳಿಜಾರು ಇರುವಲ್ಲಿ ಮೊಣಕೈ ಮಣಿಕಟ್ಟುಗಳ ಪ್ರಶ್ನೆ. ಚಪ್ಪಟೆ ಪೆಡಲು ಬರಿಯ ಕಲಿಕೆಯವರಿಗೆ ಎಂದು ಹುಡುಗರು ಮೂಗು ಮುರಿದರೆ ಒಂದು ಮಾತು ಹೇಳಿ: ಆಸ್ಟ್ರೇಲಿಯಾದ ಸ್ಯಾಮ್ ಹಿಲ್ 2017, 2018, 2019 ಮೂರು ವರ್ಷವೂ ಎಂಡ್ಯೂರೊ ವಿಶ್ವ ಸರಣಿಯನ್ನು ಚಪ್ಪಟೆ ಪೆಡಲಿನ ಮೇಲೆಯೇ ಗೆದ್ದರು.

ಅಭ್ಯಾಸ ಬಲಿತು, ಉದ್ದನೆಯ ಏರುಗಳೂ ಪಂದ್ಯಗಳೂ ಕರೆಯತೊಡಗಿದಾಗ ಕೊಂಡಿಯ ಪೆಡಲಿಗೆ ಹೋಗಬಹುದು. ಕಲ್ಲಿನ ಇಳಿಜಾರಿನಲ್ಲಿ ಪಾದ ಪೆಡಲಿನಿಂದ ಹಾರದು. ಆಗಲೂ ಎರಡು ಎಚ್ಚರ. ಶಿಮಾನೊ ಕ್ಲೀಟುಗಳಲ್ಲಿ ಎಸ್‌ಎಚ್ 51 ಪಕ್ಕಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತದೆ. ಎಸ್‌ಎಚ್ 56 ಹಲವು ದಿಕ್ಕಿನಲ್ಲಿ ಬಿಡುತ್ತದೆ, ಆದ್ದರಿಂದ ಮೊದಲಿಗೆ ಇದೇ ಲೇಸು. ಕೊಂಡಿಯ ಬಿಗಿಯನ್ನೂ ಅಲೆನ್ ಕೀಯಿಂದ ಸಡಿಲ ಮಾಡಿಟ್ಟು, ಮನೆಯ ಗೋಡೆಗೆ ಒರಗಿ ಹತ್ತಾರು ಸಲ ಹಾಕಿ ತೆಗೆದು ನೋಡಬೇಕು. ಇನ್ನು ಕ್ಲೀಟನ್ನು ಓರೆಯಾಗಿ ಬಿಗಿದರೆ ಅದರ ದಂಡವನ್ನು ಮೊಣಕಾಲು ತೆರುತ್ತದೆ. ಹೆಬ್ಬೆರಳ ಬುಡದ ಉಬ್ಬು ಪೆಡಲಿನ ಅಚ್ಚಿನ ನೇರಕ್ಕೆ, ಅಥವಾ ಅದಕ್ಕಿಂತ ತುಸು ಮುಂದೆ ಬರುವಂತೆ ಕೂರಿಸಿ ಪ್ರಾರಂಭಿಸುವುದು ವಾಡಿಕೆ.

ಬೂಟಿನ ವಿಷಯದಲ್ಲಿ ಜಿಪುಣತನ ಸಲ್ಲದು. ಚಪ್ಪಟೆ ಪೆಡಲಿಗೆ ಸಮತಲದ, ಮೆತ್ತನೆಯ, ಹಿಡಿಯುವ ರಬ್ಬರಿನ ಅಟ್ಟೆ. ಕೊಂಡಿಯ ಪೆಡಲಿಗೆ ಬಾಗದ ಗಟ್ಟಿ ಅಟ್ಟೆ, ಆದರೆ ತುದಿಯಲ್ಲೂ ಹಿಮ್ಮಡಿಯಲ್ಲೂ ನಡೆಯಲು ಹಲ್ಲುಗಳು. ಮಳೆಗಾಲದ ಘಟ್ಟದ ಕೆಸರಿನಲ್ಲಿ ಆ ಹಲ್ಲುಗಳೇ ಆಪದ್ಬಂಧುಗಳು. ಪಾದ ದಿನದ ಓಡಾಟದಿಂದ ತುಸು ಊದಿಕೊಂಡಿರುವ ಸಂಜೆಯ ಹೊತ್ತು, ಸವಾರಿಯ ಕಾಲುಚೀಲವನ್ನೇ ತೊಟ್ಟು, ಅಂಗಡಿಯಲ್ಲಿ ಅಳತೆ ನೋಡಿ. ಬೆರಳು ತುದಿಗೆ ತಗಲಬಾರದು, ಹಿಮ್ಮಡಿ ಏಳಬಾರದು. ಪೆಡಲನ್ನು ಮನೆಯಲ್ಲೇ ಬದಲಿಸುವವರು ಎಡಗಡೆಯ ತಿರುಪು ಹಿಮ್ಮುಖವೆಂಬುದನ್ನು ಮರೆಯಬೇಡಿ.

ಕಡೆಗೆ ಪವರ್ ಮೀಟರು. ಜರ್ಮನಿಯ ಉಲ್ರಿಕ್ ಶೋಬರರ್ 1986ರಲ್ಲಿ ಎಸ್‌ಆರ್‌ಎಂ ಸಂಸ್ಥೆಯನ್ನು ಹುಟ್ಟುಹಾಕಿ ಇದನ್ನು ಬಳಕೆಗೆ ತಂದರು. ತುಳಿತಕ್ಕೆ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದನ್ನು ಅಳೆದು, ತಿರುಗುವ ವೇಗದಿಂದ ಗುಣಿಸಿ, ಸವಾರನ ಶಕ್ತಿಯನ್ನು ವಾಟ್‌ಗಳಲ್ಲಿ ತೋರಿಸುತ್ತದೆ. ಪೆಡಲಿನೊಳಗೇ ಇರುವ ಮೀಟರನ್ನು ಒಂದು ಸೈಕಲ್ಲಿನಿಂದ ಇನ್ನೊಂದಕ್ಕೆ ಸುಲಭವಾಗಿ ಹಾಕಬಹುದು. ಆದರೆ ಬೆಟ್ಟದಲ್ಲಿ ಕಲ್ಲಿಗೆ ಮೊದಲು ತಗಲುವುದೇ ಪೆಡಲು. ಕ್ರ್ಯಾಂಕಿನ ನಡುವಿನ ಮೀಟರು ಹೆಚ್ಚು ಕ್ಷೇಮ. ಎಡಗಾಲನ್ನು ಮಾತ್ರ ಅಳೆದು ಇಮ್ಮಡಿ ಮಾಡುವ ಅಗ್ಗದ ಮೀಟರುಗಳೂ ಇವೆ. ನೂರರಲ್ಲಿ 55 ಪಾಲು ಎಡಗಾಲೇ ದುಡಿಯುವವನ ನಿಜವಾದ 200 ವಾಟನ್ನು ಅವು 220 ಎಂದು ಬರೆದುಕೊಡುತ್ತವೆ!

ಉಪಕರಣ ಉಪಯುಕ್ತವೇ, ಆದರೆ ಕ್ರಮವಾಗಿ ತರಬೇತಿ ಮಾಡುವವರಿಗೆ. ಮಿಕ್ಕವರಿಗೆ ಗಡಿಯಾರವೂ ಗುಡ್ಡವೂ ಸಾಕು. ಲೆಕ್ಕ ನಮ್ಮಂಥ ಗುಮಾಸ್ತರಿಗೆ ಹೊಸದಲ್ಲ. ಸವಾರನೂ ಸೈಕಲ್ಲೂ ಸೇರಿ 80 ಕಿಲೋ, ಏರು 300 ಮೀಟರು, ಕಾಲ 30 ನಿಮಿಷ ಎನ್ನೋಣ. 80ನ್ನು 300ರಿಂದಲೂ, ಬಂದದ್ದನ್ನು ಗುರುತ್ವದ 9.8ರಿಂದಲೂ ಗುಣಿಸಿ, 1,800 ಸೆಕೆಂಡುಗಳಿಂದ ಭಾಗಿಸಿ. ಸುಮಾರು 131 ವಾಟ್ ಬರುತ್ತದೆ. ಗಾಳಿಯ ತಡೆ, ನೆಲದ ಘರ್ಷಣೆ ಇದರ ಮೇಲಿನ ಖರ್ಚು. ಮೂರು ತಿಂಗಳ ಮೇಲೆ ಅದೇ ಗುಡ್ಡವನ್ನು 25 ನಿಮಿಷದಲ್ಲಿ ಏರಿದರೆ ಲೆಕ್ಕ ಸುಮಾರು 157ಕ್ಕೆ ಏರಿತೆಂದು ತಿಳಿಯಿರಿ. ಇದಕ್ಕೆ ಕಾಸು ಖರ್ಚಿಲ್ಲ. ಇಳಿಜಾರಿನಲ್ಲಂತೂ ಕಾಲು ಸುಮ್ಮನಿದ್ದು, ಕೈಗೂ ಎದೆಗೂ ಕೆಲಸ. ಆ ಶ್ರಮವನ್ನು ಯಾವ ಪವರ್ ಮೀಟರೂ ಬರೆಯುವುದಿಲ್ಲ.

ಆದ್ದರಿಂದ ಕೊಳ್ಳುವ ಕ್ರಮ ಹೀಗಿರಲಿ: ಮೊದಲು ಒಳ್ಳೆಯ ಬೂಟು, ಜೊತೆಗೆ ಮೊಳೆಯ ಚಪ್ಪಟೆ ಪೆಡಲು. ಒಂದು ಮಳೆಗಾಲ, ಒಂದು ಬೇಸಗೆ ಕಳೆದ ಮೇಲೆ, ಮನಸ್ಸಿದ್ದರೆ ಕೊಂಡಿಯ ಪೆಡಲು. ಮೀಟರಿನ ಮಾತು ಅದಾದ ಮೇಲೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಸೈಕಲ್ಲಿನವರು ಕಾಲಿಗೆ ತಕ್ಕಷ್ಟೇ ಸಾಮಾನು ಕೊಳ್ಳಲಿ. ಹೆಲ್ಮೆಟ್ಟನ್ನು ಈ ಪಟ್ಟಿಯಲ್ಲಿ ಸೇರಿಸಿಲ್ಲವೆಂದು ಯಾರೂ ಆಕ್ಷೇಪಿಸಬೇಡಿ. ಅದು ಸೈಕಲ್ಲಿನ ಜೊತೆಯಲ್ಲೇ ಮನೆಗೆ ಬಂದಿರಬೇಕು!