ಎಂಟು ಕೆಲಸದ ಮಶೀನು ಬ್ಯಾಡ ಅಕ್ಕಾರ

ಕಳೆದ ಭಾನುವಾರ ಸಂಜೆ ನಮ್ಮ ಓಣಿಯ ಟೇಲರ್ ಅಕ್ಕ ಮೊಬೈಲ್ ಹಿಡ್ಕೊಂಡು ಮನೆಗೆ ಬಂದ್ರು. ಮೊಬೈಲ್‌ನಲ್ಲಿ ಒಂದು ವಿಡಿಯೋ. ಒಂದೇ ಹೀಟ್ ಪ್ರೆಸ್, ಅದರಲ್ಲಿ ಟೀ ಶರ್ಟ್, ಮಗ್, ಟೋಪಿ, ತಟ್ಟೆ ಎಲ್ಲದರ ಮೇಲೂ ಫೋಟೋ ಮೂಡಿಸ್ತಾ ಇದ್ದಾನೆ ಒಬ್ಬ. ಹಿಂದೆ ಜೋರು ಮ್ಯೂಸಿಕ್ಕು.

"ತಮ್ಮಾ, ಒಂದ ಮಶೀನಿನಾಗ ಎಂಟ ಕೆಲಸ ಆಗತಾವಂತ. ಸಂಘದಾಗ ನಲವತ್ತ ಸಾವಿರ ಸಾಲ ಕೊಡತಾರ. ತಗೊಳ್ಳಲೇನು?"

ನಾನು ಎರಡನೇ ಸಲ ಯೋಚನೆ ಮಾಡದೆ "ಬ್ಯಾಡ್ರಿ ಅಕ್ಕಾರ" ಅಂದೆ. ಅವರ ಮುಖ ಸಣ್ಣದಾಯ್ತು. ಪಾಪ, ಎಷ್ಟೋ ದಿನದಿಂದ ಲೆಕ್ಕ ಹಾಕ್ಕೊಂಡು ಬಂದಿದ್ರು. ಕಾರಣ ಹೇಳೋಕೆ ಒಂದು ತಾಸು ಹಿಡೀತು. ಈ ಪ್ರಶ್ನೆಯನ್ನ ನನಗೆ ತಿಂಗಳಿಗೆ ಒಬ್ಬರಾದ್ರೂ ಕೇಳ್ತಾರೆ, ಅದಕ್ಕೇ ಇಲ್ಲಿ ಬರೆದು ಇಡ್ತಾ ಇದ್ದೀನಿ.

ಮೊದಲು ನನ್ನ ಮೂರ್ಖತನ. 2017ರಲ್ಲಿ ನಾನು ಕೊಂಡ ಮೊದಲ ಪ್ರೆಸ್ಸು ಇಂಥದ್ದೇ, ಐದು ಕೆಲಸದ್ದು. ಅಂಗಡಿಯವನು "ಐದು ಮಶೀನಿನ ದುಡ್ಡು ಉಳೀತು ನೋಡ್ರಿ ಸಾಹೇಬ್ರ" ಅಂದಿದ್ದ. ನಿಜ, ಐದು ಸಾಮಾನು ಡಬ್ಬಿಯಲ್ಲಿ ಇದ್ವು. ಆದ್ರೆ ಆ ಐದಕ್ಕೂ ಇರೋದು ಒಂದೇ ಕಂಟ್ರೋಲರ್, ಒಂದೇ ಸಮಯಕ್ಕೆ ಒಂದೇ ಕೆಲಸ. ಟೀ ಶರ್ಟ್ ನಡೀತಾ ಇರೋವಾಗ ಯಾರಾದ್ರೂ ಎರಡು ಮಗ್ ಕೇಳಿದ್ರೆ, ಬಿಸಿ ಪ್ಲೇಟು ಆರಬೇಕು, ಅದನ್ನ ಬಿಚ್ಚಬೇಕು, ಮಗ್ಗಿನ ಕಾಯಿಲು ಕೂಡಿಸಬೇಕು, ಅದು ಕಾಯಬೇಕು. ಮುಕ್ಕಾಲು ತಾಸು ಅಲ್ಲೇ ಹೋಯ್ತು. ಹಾಗೆ ದಿನಾ ಬಿಚ್ಚಿ ಹಾಕಿ, ಬಿಚ್ಚಿ ಹಾಕಿ, ಎರಡನೇ ವರ್ಷಕ್ಕೆ ಪ್ಲಗ್ಗಿನ ಪಿನ್ನು ಸಡಿಲಾಗಿ ಕಿಡಿ ಹಾರೋಕೆ ಶುರುವಾಯ್ತು. ಟೋಪಿಯ ಪ್ಲೇಟನ್ನ ನಾನು ಇಲ್ಲಿಯವರೆಗೆ ಬಳಸಿದ್ದು ಎರಡೇ ಸಲ. ತಟ್ಟೆಯದ್ದು ಇನ್ನೂ ಪ್ಲಾಸ್ಟಿಕ್ ಚೀಲದಲ್ಲೇ ಇದೆ, ಬೇಕಾದವರು ಬಂದು ಒಯ್ಯಬಹುದು :)

ಅದಕ್ಕಿಂತ ದೊಡ್ಡ ಪೆಟ್ಟು ಪ್ಲೇಟಿನ ಅಳತೆಯಲ್ಲಿ. ಈ ಕೂಡಿಸಿದ ಮಶೀನುಗಳಲ್ಲಿ ಚಪ್ಪಟೆ ಪ್ಲೇಟು ಸಾಮಾನ್ಯವಾಗಿ 12×15 ಇಂಚು. ಎ4 ಹಾಳೆ ಆರಾಮಾಗಿ ಕೂರುತ್ತೆ. ಎ3 ಹಾಳೆ ಅಂದ್ರೆ 16 ಇಂಚು ದಾಟುತ್ತೆ, ಅದು ಕೂರಲ್ಲ. ಬಿಡಿಯಾಗಿ ಸಿಗೋ 15×15 ಪ್ರೆಸ್ಸಿನಲ್ಲೂ ಎ3 ಪೂರ್ತಿ ಹಿಡಿಯಲ್ಲ ಅನ್ನೋದನ್ನ ಎಷ್ಟೋ ಜನ ದುಡ್ಡು ಕೊಟ್ಟ ಮೇಲೆ ಟೇಪು ಹಿಡಿದು ನೋಡ್ತಾರೆ. ಎ3 ಬೇಕು ಅಂದ್ರೆ 16×20, ಇಲ್ಲಾ 16×24 ನೋಡಬೇಕು.

ಇಷ್ಟು ಹೇಳಿದ ಮೇಲೆ ಅಕ್ಕ ಕೇಳಿದ್ರು, "ಹಂಗಾರ ಯಾವ ಮಶೀನು ತಗೊಳ್ಳಲಿ ಹೇಳಪಾ?"

ಮಶೀನಿಗಿಂತ ಮೊದಲು ಬಟ್ಟೆ. ಸಬ್ಲಿಮೇಶನ್ ಅನ್ನೋದು ಬಣ್ಣ ಬಳಿಯೋ ಕೆಲಸ ಅಲ್ಲ. ಹಾಳೆಯ ಮೇಲಿನ ಬಣ್ಣ 190-200 ಡಿಗ್ರಿ ಬಿಸಿಗೆ ನೀರಾಗದೆ ನೇರವಾಗಿ ಆವಿಯಾಗುತ್ತೆ. ಅದೇ ಬಿಸಿಗೆ ಪಾಲಿಯೆಸ್ಟರ್ ಎಳೆ ಸ್ವಲ್ಪ ಬಾಯಿ ಬಿಡುತ್ತೆ, ಆವಿ ಒಳಗೆ ಹೋಗುತ್ತೆ, ಆರಿದಾಗ ಬಾಯಿ ಮುಚ್ಚುತ್ತೆ. ಬಣ್ಣ ಎಳೆಯ ಒಳಗೇ ಉಳೀತು, ತೊಳೆದ್ರೂ ಹೋಗಲ್ಲ. ಹತ್ತಿ ಬಟ್ಟೆ ಈ ಆವಿಯನ್ನ ಹಿಡ್ಕೊಳ್ಳೋದಿಲ್ಲ. ಮೇಲೆ ಮೇಲೆ ಅಂಟಿ, ಎರಡು ಒಗೆತಕ್ಕೆ ಮಸುಕಾಗಿ ಹೋಗುತ್ತೆ. ಮಗ್ಗಿನ ಮೇಲೆ ಹತ್ತೋದು ಕೂಡ ಅದಕ್ಕೆ ಪಾಲಿಮರ್ ಲೇಪ ಇರೋದ್ರಿಂದ, ಭಾಂಡೆ ಅಂಗಡಿಯ ಮಗ್ ತಂದ್ರೆ ಉಪಯೋಗ ಇಲ್ಲ.

ಇದನ್ನ ವಿಶೇಷವಾಗಿ ನಮ್ಮ ಹುಬ್ಬಳ್ಳಿಯಲ್ಲಿ ಒತ್ತಿ ಹೇಳಬೇಕು ಅಂತ ನನಗೆ ಅನ್ಸುತ್ತೆ. ಇದು ಬೆಂಗೇರಿ ಖಾದಿಯ ಊರು. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಹುಟ್ಟಿದ್ದು 1957ರಲ್ಲಿ, ಬಿಐಎಸ್ ಮಾನ್ಯತೆಯ ರಾಷ್ಟ್ರಧ್ವಜ ಸಿದ್ಧವಾಗೋದು ಅಲ್ಲಿ. (ಈ ಆವಿ ಬಣ್ಣದ ವಿದ್ಯೆಯನ್ನ ಫ್ರಾನ್ಸಿನ ನೋಯೆಲ್ ಡಿ ಪ್ಲಾಸ್ ಕಂಡುಹಿಡಿದದ್ದು ಅಂತ ಹೇಳೋ ವರ್ಷಾನೂ 1957ನೇ. ಒಂದೇ ವರ್ಷದ ಇಬ್ಬರು, ಒಬ್ಬರಿಗೊಬ್ಬರು ಆಗಿಬರಲ್ಲ!) 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ಆಗಿ ಪಾಲಿಯೆಸ್ಟರ್ ಮತ್ತು ಮಶೀನಿನ ಧ್ವಜಕ್ಕೂ ಅವಕಾಶ ಸಿಕ್ತು. ಬೆಂಗೇರಿಯ ಸಂಘ ಅದನ್ನ ವಿರೋಧಿಸ್ತು. ಮುಂದೆ 2022ರ ಆಗಸ್ಟಿನಲ್ಲಿ 'ಹರ್ ಘರ್ ತಿರಂಗಾ' ಬಂದಾಗ ನನ್ನ ಹತ್ತಿರಾನೂ ನಾಲ್ಕು ಜನ ಬಂದು "ಝಂಡಾ ಮಾಡಿ ಕೊಡ್ರಿ" ಅಂದ್ರು. ಅಂಚೆ ಕಚೇರಿಯಲ್ಲಿ 25 ರೂಪಾಯಿಗೆ ಧ್ವಜ ಸಿಗ್ತಿತ್ತು, ಬಟ್ಟೆ, ಹಾಳೆ, ಕರೆಂಟು ಕೂಡಿಸಿದ್ರೆ ನನಗೆ ಅದಕ್ಕಿಂತ ಹೆಚ್ಚು ಬೀಳ್ತಿತ್ತು. ಬ್ಯಾಡ ಅಂದೆ. ದುಡ್ಡಿನ ಲೆಕ್ಕ ಬಿಟ್ರೂ ಬೆಂಗೇರಿ ಪಕ್ಕದಲ್ಲಿ ಕೂತು ಆ ಕೆಲಸ ಮಾಡೋಕೆ ನನಗೆ ಮನಸ್ಸು ಇರಲಿಲ್ಲ. ಇದು ನನ್ನ ಅಭಿಪ್ರಾಯ, ಮಾಡಿದವರನ್ನ ಬೈತಾ ಇಲ್ಲ.

ಬಟ್ಟೆ ಯಾವುದು ಅಂತ ಗೊತ್ತಾಗದಿದ್ರೆ ಒಂದು ಎಳೆ ಕಿತ್ತು ಸುಡಿ. ಕರಗಿ ಗಟ್ಟಿ ಗುಂಡಾದ್ರೆ ಪಾಲಿಯೆಸ್ಟರ್, ಕಾಗದದ ವಾಸನೆ ಬಂದು ಬೂದಿಯಾದ್ರೆ ಹತ್ತಿ. ಅಕ್ಕ ನಕ್ಕರು, "ಅದನ್ನ ನನಗ ಹೇಳ್ತಿಯಲ್ಲೋ, ಇಪ್ಪತ್ತ ವರ್ಷ ಆತು ಬಟ್ಟಿ ಕತ್ತರಿಸಾಕ ಹತ್ತಿ." ಅದೂ ಖರೇನೇ.

ಇನ್ನೊಂದು, ಈ ವಿದ್ಯೆಯಲ್ಲಿ ಬಿಳಿ ಬಣ್ಣ ಇಲ್ಲ. ಕರಿ ಟೀ ಶರ್ಟ್ ಮೇಲೆ ಏನೂ ಮೂಡಲ್ಲ. ಬಿಳಿ ಬಟ್ಟೆ ಉತ್ತಮ, ತಿಳಿ ಬಣ್ಣ ನಡೀತದೆ. ರಾಜ್ಯೋತ್ಸವದ ಹಳದಿ ಶರ್ಟಿನ ಮೇಲೆ ಕೆಂಪು ಅಕ್ಷರ ಚೆನ್ನಾಗಿ ಬರುತ್ತೆ, ನೀಲಿ ಹಾಕಿದ್ರೆ ಹಸಿರಿನ ಕಡೆ ಹೋಗುತ್ತೆ.

ಬಟ್ಟೆ ಆದ ಮೇಲೆ ಹಬ್ಬ. ನಮ್ಮ ಊರಿನ ಆರ್ಡರುಗಳು ವರ್ಷವಿಡೀ ಸಮನಾಗಿ ಬರೋದಿಲ್ಲ, ಒಮ್ಮೆಲೇ ಮೈಮೇಲೆ ಬೀಳ್ತಾವೆ. ಗಣಪತಿ ಹಬ್ಬಕ್ಕೆ ಓಣಿ ಓಣಿಯ ಮಂಡಳಿಗಳು, ನವೆಂಬರಿಗೆ ರಾಜ್ಯೋತ್ಸವ, ಬೇಸಿಗೆಗೆ ಕ್ರಿಕೆಟ್ ಟೂರ್ನಮೆಂಟು, ಮತ್ತೆ ನಮ್ಮ ಹುಬ್ಬಳ್ಳಿಯ ರಂಗಪಂಚಮಿ. ಹೋಳಿಯಾಗಿ ಐದನೇ ದಿನ ಬಣ್ಣ ಆಡ್ತೀವಿ, ಹುಡುಗರಿಗೆ ನೆನಪಾಗೋದು ಮೂರನೇ ದಿನ. "ಅಣ್ಣಾ ಇನ್ನೂರು ಶರ್ಟು, ನಾಡಿದ್ದಿಗೆ." ಈಗ ಲೆಕ್ಕ ಹಾಕಿ. ಒಂದು ಶರ್ಟಿಗೆ ಒತ್ತೋದು ಒಂದು ನಿಮಿಷ, ಹಾಸೋದು, ಹಾಳೆ ಅಂಟಿಸೋದು, ತೆಗೆಯೋದು ಸೇರಿ ಎರಡೂವರೆ ನಿಮಿಷ. ಇನ್ನೂರಕ್ಕೆ 500 ನಿಮಿಷ, ಎಂಟು ತಾಸು ದಾಟಿತು. ಬೆನ್ನಿಗೂ ಹೆಸರು ಬೇಕು ಅಂದ್ರೆ ಹದಿನಾರು ತಾಸು! ಅಂಥ ದಿನ ನಿಮ್ಮನ್ನ ಕಾಯೋದು ಬಿಸಿ ಇಳಿಯದೆ, ಒತ್ತಡ ಬದಲಾಗದೆ ಒಂದೇ ಸಮ ನಡೆಯೋ ಒಂದು ಗಟ್ಟಿ ಚಪ್ಪಟೆ ಪ್ರೆಸ್ಸು. ಮಗ್ ಬೇಕು ಅಂದ್ರೆ ಮುಂದೆ ಒಂದು ಸಣ್ಣ ಮಗ್ ಪ್ರೆಸ್ ಪಕ್ಕಕ್ಕೆ ಇಟ್ಕೊಳ್ಳಿ. ಮಗ್ಗಿಗೆ ಮೂರು ನಿಮಿಷ ಹಿಡೀತದೆ, ಅದು ಅದರ ಪಾಡಿಗೆ ಕಾಯ್ತಾ ಇರಲಿ, ನಿಮ್ಮ ಶರ್ಟು ನಿಲ್ಲಲ್ಲ.

ಮೇಲಿನಿಂದ ಬಾಯಿ ಮುಚ್ಚೋದು ಚಲೋದೋ, ಪಕ್ಕಕ್ಕೆ ತಿರುಗೋದು ಚಲೋದೋ ಅಂತ ಜನ ಬಹಳ ವಾದ ಮಾಡ್ತಾರೆ. ಟೈಲ್ಸು, ಮರದ ಫ್ರೇಮಿನಂಥ ದಪ್ಪ ವಸ್ತುವಿಗೆ ಪಕ್ಕಕ್ಕೆ ತಿರುಗೋದೇ ಬೇಕು, ಬಾಯಿ ಮುಚ್ಚೋದು ಹಿಂದಿನ ಅಂಚನ್ನ ಮೊದಲು ಒತ್ತುತ್ತೆ. ಬಟ್ಟೆಗೆ ಎರಡೂ ನಡೀತಾವೆ. ಇಕ್ಕಟ್ಟಾದ ಖೋಲಿಯಲ್ಲಿ ಬಾಯಿ ಮುಚ್ಚೋದೇ ವಾಸಿ, ಬಿಸಿ ತಲೆ ಪಕ್ಕಕ್ಕೆ ತಿರುಗಿ ಓಡಾಡೋ ಮಕ್ಕಳಿಗೆ ತಗಲೋದಿಲ್ಲ. ಆದ್ರೆ ಕೈ ಜೋಪಾನ.

ನಿಜವಾಗಿ ನೋಡಬೇಕಾದ್ದು ಬಿಸಿ. ಡಿಸ್‌ಪ್ಲೇನಲ್ಲಿ 200 ಅಂತ ತೋರಿಸೋದು ಸೆನ್ಸರ್ ಇರೋ ಜಾಗದ ಬಿಸಿ. ಮೂಲೆಗಳಲ್ಲಿ ಎಷ್ಟಿದೆ ಅಂತ ಅದು ಹೇಳಲ್ಲ. ಅದಕ್ಕೇ ಅಂಗಡಿಗೆ ಹೋಗುವಾಗ ಕೈಬೀಸ್ಕೊಂಡು ಹೋಗಬೇಡಿ. ಐದು ತುಂಡು ಬಿಳಿ ಪಾಲಿಯೆಸ್ಟರ್, ಐದು ಹಾಳೆ ತುಂಬಾ ಒಂದೇ ಬೂದು ಬಣ್ಣದ ಪ್ರಿಂಟು ಒಯ್ಯಿರಿ. ಮಶೀನು ಹಚ್ಚಿಸಿ ಒಂದರ ಹಿಂದೆ ಒಂದು ಐದೂ ಒತ್ತಿಸಿ. ಮೂಲೆ ಮಸುಕಾಗಿದ್ರೆ ಪ್ಲೇಟು ಸಮ ಕಾದಿಲ್ಲ. ಮೊದಲನೇದು ಗಾಢ ಇದ್ದು ಐದನೇದು ಮಂಕಾಗಿದ್ರೆ ಅದಕ್ಕೆ ದಮ್ಮಿಲ್ಲ. ಆಮೇಲೆ ತಣ್ಣಗಿನ ಮಶೀನಿನಲ್ಲಿ ನಾಲ್ಕು ಮೂಲೆಗೂ ಕಾಗದದ ಚೂರು ಇಟ್ಟು ಮುಚ್ಚಿ, ಒಂದೊಂದಾಗಿ ಎಳೀರಿ. ಒಂದು ಮೂಲೆಯದ್ದು ಸಲೀಸಾಗಿ ಬಂದ್ರೆ ಅಲ್ಲಿ ಒತ್ತಡ ಇಲ್ಲ ಅಂತ ಅರ್ಥ. "ಹಚ್ಚಿ ತೋರಿಸಾಕ ಬರೂದಿಲ್ರಿ, ಸೀಲ್ ಪ್ಯಾಕ್ ಐತಿ" ಅಂದ್ರೆ ನಮಸ್ಕಾರ ಹೇಳಿ ಹೊರಗೆ ಬನ್ನಿ. ವಿಡಿಯೋ ನೋಡಿ ದೂರದಿಂದ ತರಿಸೋದಕ್ಕಿಂತ ಊರಲ್ಲೇ ಕೊಳ್ಳೋದಕ್ಕೆ ನಾನು ಹೇಳೋ ಕಾರಣ ಇದೊಂದೇ.

ಮತ್ತೆ ಕರೆಂಟು. 15×15 ಪ್ರೆಸ್ಸು 1400ರಿಂದ 1800 ವ್ಯಾಟ್, 16×24 ಆದ್ರೆ 2000 ದಾಟುತ್ತೆ. 230 ವೋಲ್ಟಿಗೆ ಅದು 9 ಆಂಪಿಯರ್ ಹತ್ತಿರ. ಹೊಲಿಗೆ ಮಶೀನು, ಫ್ಯಾನು ನಡೆಯೋ ಸಣ್ಣ ಪ್ಲಗ್ಗಿಗೆ ಇದನ್ನ ಚುಚ್ಚಿದ್ರೆ ಪ್ಲಗ್ಗು ಕರಗುತ್ತೆ. ಗೀಸರಿಗೆ ಹಾಕಿಸ್ತಾರಲ್ಲ, ಆ 16 ಆಂಪಿಯರ್ ಸಾಕೆಟ್ಟು, ಬೇರೆ ವೈರು, ಅರ್ಥಿಂಗ್ ಬೇಕೇ ಬೇಕು. ವೋಲ್ಟೇಜ್ ಇಳಿದಾಗ ಏನಾಗುತ್ತೆ ಅಂತಾನೂ ತಿಳ್ಕೊಳ್ಳಿ. 230 ಇರಬೇಕಾದಲ್ಲಿ 190 ಬಂದ್ರೆ 1800 ವ್ಯಾಟಿನ ಪ್ರೆಸ್ಸು ಕೊಡೋದು ಸುಮಾರು 1230 ಅಷ್ಟೇ, ಮೂರರಲ್ಲಿ ಒಂದು ಪಾಲು ಶಕ್ತಿ ಹೋಯ್ತು. ಡಿಸ್‌ಪ್ಲೇನಲ್ಲಿ 200 ಬರುತ್ತೆ, ಆದ್ರೆ ತಡವಾಗಿ. ಪ್ರತಿ ಶರ್ಟಿಗೂ ಕಾಯಬೇಕು, ಕಾಯದೆ ಒತ್ತಿದ್ರೆ ಬಣ್ಣ ಮಂಕು. ಮನೆಗೆ ಬರೋ ಗೃಹಜ್ಯೋತಿಯ ಉಚಿತ ಕರೆಂಟು ಅಂಗಡಿಗೆ ಅಲ್ಲ, ಅಂಗಡಿಗೆ ಬೇರೆ ಮೀಟರೇ ಬೇಕು. ಆ ಖರ್ಚನ್ನೂ ಸಾಲದ ಲೆಕ್ಕದಲ್ಲಿ ಮೊದಲೇ ಸೇರಿಸಿ.

(ಧಾರವಾಡದ ಕಡೆಯವರಿಗೆ ಒಂದು ಮಾತು. ನಿಮ್ಮ ಜಿಟಿಜಿಟಿ ಮಳೆಯಲ್ಲಿ ಹಾಳೆ, ಬಟ್ಟೆ ಎರಡೂ ಥಂಡಿ ಹಿಡೀತಾವೆ. ಹಾಳೆ ಇಡೋ ಮೊದಲು ಬರೀ ಬಟ್ಟೆಯನ್ನ ಐದು-ಹತ್ತು ಸೆಕೆಂಡು ಒತ್ತಿ ಆವಿ ಬಿಡಿಸಿ. ಇಲ್ಲಾಂದ್ರೆ ಮಶೀನನ್ನ ಸುಮ್ಮನೆ ಬೈತೀರಿ.)

ಈಗ ಅಕ್ಕನ ವಿಷಯ. ಅವರ ಹತ್ತಿರ ನಲವತ್ತು ಸಾವಿರ, ಅದೂ ಸಂಘದ ಸಾಲ. ಕಂತು ತಪ್ಪಿದ್ರೆ ಉಳಿದ ಹೆಣ್ಣುಮಕ್ಕಳ ಮುಂದೆ ತಲೆ ತಗ್ಗಿಸಬೇಕು. ಹೀಗಿರುವಾಗ ಪ್ರೆಸ್ಸು, ಪ್ರಿಂಟರು ಎರಡನ್ನೂ ಒಂದೇ ದಿನ ಕೊಳ್ಳೋದು ಬ್ಯಾಡ ಅಂತ ನನ್ನ ಹಟ. ಸಬ್ಲಿಮೇಶನ್ ಇಂಕ್ ತುಂಬಿದ ಪ್ರಿಂಟರು ಎಮ್ಮೆ ಇದ್ದ ಹಾಗೆ, ದಿನಾ ಹಿಂಡಬೇಕು. ಹತ್ತು ದಿನ ಆರ್ಡರ್ ಇಲ್ಲ ಅಂತ ಸುಮ್ಮನೆ ಬಿಟ್ರೆ ಹೆಡ್ ಒಣಗಿ ಕೂರುತ್ತೆ. ಪ್ರೆಸ್ಸು ಹಾಗಲ್ಲ, ಆರು ತಿಂಗಳು ಮುಚ್ಚಿಟ್ರೂ ಹಚ್ಚಿದ ದಿನ ಕಾಯುತ್ತೆ. ಅದಕ್ಕೆ ಮೊದಲು ಪ್ರೆಸ್ಸು, ಬಟ್ಟೆ, ವೈರಿಂಗು. ಹಾಳೆಗಳನ್ನ ಪ್ರಿಂಟರ್ ಇದ್ದವರ ಹತ್ತಿರ ಮಾಡಿಸ್ಕೊಳ್ಳಿ. ಆರ್ಡರ್ ಹೆಚ್ಚಾಗಿ, ಮಾಡಿಸೋ ಖರ್ಚು ಭಾರ ಅನಿಸಿದ ತಿಂಗಳು ಪ್ರಿಂಟರ್ ಕೊಳ್ಳಿ.

"ಪ್ರಿಂಟರ್ ನಿನ್ನ ಕಡೆ ಐತಿ. ಅದಕ್ಕ ಹಿಂಗ ಹೇಳ್ತಿ ಹೌದಿಲ್ಲೋ?" ಅಂದ್ರು ಅಕ್ಕ. ಸಿಕ್ಕಿಬಿದ್ದೆ. ಹೌದು, ನನಗೂ ನಾಲ್ಕು ಕಾಸು ಬರುತ್ತೆ. ಓದೋರಿಗೂ ಅದು ಗೊತ್ತಿರಲಿ ಅಂತಾನೇ ಬರೆದೆ. ಇನ್ನೆರಡು ಕಡೆ ರೇಟು ಕೇಳಿ ನೋಡ್ರಿ ಅಂತ ಅವರಿಗೂ ಹೇಳಿದೀನಿ.

ಆದ್ರೆ ಅವರಿಗೆ ಇರೋ ಒಂದು ಬಲ ನನಗಿಲ್ಲ. ನಾನು ಹೊಲಿದು ಬಂದ ಶರ್ಟಿನ ಮೇಲೆ ಒತ್ತೋನು. ಹೊಲಿಗೆ, ಕಾಲರು, ಗುಂಡಿ ಅಡ್ಡ ಬಂದು ಅಲ್ಲಿ ಬಣ್ಣ ಹತ್ತಲ್ಲ. ಅಕ್ಕ ಕತ್ತರಿಸಿದ ತುಂಡಿನ ಮೇಲೆ ಒತ್ತಿ ಆಮೇಲೆ ಹೊಲೀಬಹುದು. ಅಂಚಿನವರೆಗೂ ಬಣ್ಣ! ದೊಡ್ಡವರ ಜೆರ್ಸಿಯ ಮುಂಭಾಗ 16×24ರಲ್ಲಿ ಹಿಡಿಯಲ್ಲ, ಆದ್ರೆ ಸಣ್ಣ ಮಕ್ಕಳದ್ದು ಹಿಡಿಯುತ್ತೆ, ತೋಳುಗಳಂತೂ ಯಾರದ್ದಾದ್ರೂ ಹಿಡೀತಾವೆ. ಶಾಲೆಯ ಸ್ಪೋರ್ಟ್ಸ್ ಡೇಗೆ ನಾಲ್ಕು ಬಣ್ಣದ ಹೌಸ್ ಶರ್ಟು ಅವರೇ ಕತ್ತರಿಸಿ, ಒತ್ತಿ, ಹೊಲಿದು ಕೊಟ್ರೆ, ಸಿದ್ಧ ಶರ್ಟು ತಂದು ಒತ್ತೋ ನನ್ನಂಥವನು ಅವರ ಹತ್ತಿರ ಸುಳಿಯೋಕೂ ಆಗಲ್ಲ. ಈ ಮಾತು ಹೇಳಿದಾಗಲೇ ಅವರ ಮುಖ ಮೊದಲ ಸಲ ಅರಳಿದ್ದು. ಟೇಪು ತೆಗೆದು ನಮ್ಮ ಮಗನ ಭುಜ ಅಳೆದೇ ಬಿಟ್ರು. "ಹದಿನಾಲ್ಕ ಇಂಚು ಸಾಕಲ್ಲೋ!"

ಹಾಗಾಗಿ ಅವರಿಗೆ 16×24ರ ಚಪ್ಪಟೆ ಪ್ರೆಸ್ಸು, ಕೈಯಿಂದ ಒತ್ತೋದು, ಬೇರೆ ಯಾವ ಆಟದ ಸಾಮಾನೂ ಇಲ್ಲದ್ದು. ಹೊಲಿಗೆ ಬರದ, ಬರೀ ಹೆಸರು-ಫೋಟೋ ಒತ್ತೋರಿಗೆ 15×15 ಸಾಕು.

"ಮತ್ತ ಮಗ್ಗು?" ಅಂದ್ರು ಹೋಗುವಾಗ ಬಾಗಿಲಲ್ಲಿ ನಿಂತು. ಆ ವಿಡಿಯೋ ಇನ್ನೂ ತಲೆಯಿಂದ ಇಳಿದಿರಲಿಲ್ಲ.

"ಮಗ್ ಕೇಳಿದವರನ್ನ ನನ್ನ ಕಡೆ ಕಳಸ್ರಿ ಅಕ್ಕಾರ. ಹೊಲಿಯೂದು ಬಂದ್ರ ನಿಮ್ಮ ಕಡೆ ಕಳಸ್ತೀನಿ."

ಗುರುವಾರ ಅವರ ಖೋಲಿಗೆ ವೈರಿನವನು ಬರ್ತಾನೆ. ಸಾಕೆಟ್ಟು ಆದ ಮೇಲೇ ಅಂಗಡಿಗೆ ಹೋಗೋದು ಅಂತ ಮಾತಾಗಿದೆ. ಐದು ತುಂಡು ಬಿಳಿ ಪಾಲಿಯೆಸ್ಟರ್ ಅಕ್ಕ ಆಗಲೇ ಕತ್ತರಿಸಿ, ಅಂಚು ಹೊಲಿದು ಇಟ್ಟಿದ್ದಾರೆ. ಅಂಚು ಯಾಕೆ ಹೊಲಿದ್ರೋ, ನಾನು ಹೇಳಿರಲಿಲ್ಲ.