ಹತ್ತು ಬೀಜಗಳ ಸಾಕ್ಷ್ಯ

ಔರಾದ ತಾಲೂಕಿನ ಅನೇಕ ರೈತರು ಮಳೆಯನ್ನೇ ನಂಬಿ ತೊಗರಿ ಬಿತ್ತುತ್ತಾರೆ. ಬೀಜ ಹುಸಿಯಾದರೆ ಅವರ ವರ್ಷದ ದುಡಿಮೆಯೇ ಹುಸಿಯಾಗುವುದು. ಪ್ರಮಾಣಿತ ತೊಗರಿ ಬೀಜದಲ್ಲಿ ನೂರಕ್ಕೆ ಕನಿಷ್ಠ 75 ಮೊಳೆಯಬೇಕೆಂಬುದು ನಿಯಮ. ಹಾಗಾದರೆ, ಒದ್ದೆ ಬಟ್ಟೆಯಲ್ಲಿಟ್ಟ ಹತ್ತು ಬೀಜಗಳಲ್ಲಿ ಐದೇ ಮೊಳೆತರೆ ಆ ಬೀಜವನ್ನು ಕೆಟ್ಟದ್ದೆಂದು ತಳ್ಳಿಬಿಡಬಹುದೇ? ಕೂಡದೆಂದು ನನ್ನ ಅಭಿಪ್ರಾಯ.

ಕಾರಣವನ್ನು ನೀವೇ ಕಂಡುಕೊಳ್ಳಬಹುದು. ಎರಡು ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿರಿ. ಎರಡರಲ್ಲಿಯೂ ಪುಚ್ಛ ಬಿದ್ದರೆ ಬೀಜ ಮೊಳೆಯಲಿಲ್ಲವೆಂದೂ, ಇಲ್ಲವಾದರೆ ಮೊಳೆಯಿತೆಂದೂ ಎಣಿಸಿರಿ. ಮೊಳೆಯುವ ಸಂಭವನೀಯತೆ ನಾಲ್ಕರಲ್ಲಿ ಮೂರು. ಹೀಗೆ ಹತ್ತು ಸಲ ಚಿಮ್ಮಿದರೆ ಹತ್ತು ಬೀಜಗಳ ಒಂದು ಪರೀಕ್ಷೆಯಾಯಿತು. ತರಗತಿಯವರೆಲ್ಲ ಸೇರಿ ಇಂತಹ ನೂರು ಪರೀಕ್ಷೆಗಳನ್ನು ಮಾಡಿರಿ. ಫಲಗಳು ಏಳು-ಎಂಟರ ಸುತ್ತ ಗುಂಪುಗೂಡುವುವು. ಆದರೂ ಸುಮಾರು ಎಂಟು ಪರೀಕ್ಷೆಗಳಲ್ಲಿ ಐದು ಅಥವಾ ಅದಕ್ಕೂ ಕಡಿಮೆ ಬರುವುದು. ಈ ಹಂಚಿಕೆಯನ್ನೇ ಗಣಿತಜ್ಞರು ದ್ವಿಪದ ವಿತರಣೆ ಎನ್ನುತ್ತಾರೆ.

ಹತ್ತರ ಪರೀಕ್ಷೆಯಲ್ಲಿ ಒಳ್ಳೆಯ ಬೀಜ ಕೆಟ್ಟದ್ದೆಂದೂ, ಕೆಟ್ಟದ್ದು ಒಳ್ಳೆಯದೆಂದೂ ತೋರಬಹುದು. ನೂರರಲ್ಲಿ ಐವತ್ತೇ ಮೊಳೆತರೆ ಮಾತ್ರ ಆ ಬೀಜವನ್ನು ಬಿಡುವುದೇ ಲೇಸು. ಬೀಜ ಪರೀಕ್ಷಾಲಯಗಳು 400 ಬೀಜಗಳನ್ನು ಮೊಳೆಯಿಸಿ ನೋಡುವುದು ಸುಮ್ಮನೆ ಅಲ್ಲ. ಸೂತ್ರವನ್ನು ಬಾಯಿಪಾಠ ಮಾಡುವ ಮೊದಲು ನಾಣ್ಯವನ್ನು ಚಿಮ್ಮಿ ನೋಡಿರಿ. ತೀರ್ಪು ಹೇಳುವ ಮೊದಲು ಇನ್ನಷ್ಟು ಬೀಜಗಳನ್ನು ಎಣಿಸಿರಿ.